ಏಳನೇ ಕೇಸು

"ಇನ್ನೂ ಬಿಸಿ ಹುಯ್ಯಿ ಷಡಕ್ಷರಿ. ಇವರ ಚರ್ಮ ದಪ್ಪ, ಇಷ್ಟಕ್ಕೆಲ್ಲ ಏನೂ ಆಗಲ್ಲ."

ಡಾಕ್ಟರ್ ಪ್ರದ್ಯುಮ್ನ ವಿಡಿಯೋ ಕ್ಯಾಮೆರಾದ ಹಿಂದಿನಿಂದ ಹೇಳಿದ. ಕಾಂಪೌಂಡರ್ ಷಡಕ್ಷರಿ ಹಂಡೆಯಿಂದ ಮೊಗೆದು ಪುಟ್ಟಲಕ್ಷ್ಮಮ್ಮನ ನೆತ್ತಿಗೆ ಸುರಿದ. ದುದ್ದದ ಹೊರಗಿನ ತೋಪಿನಲ್ಲಿ, ಶಾಮಿಯಾನದ ಕೆಳಗೆ, ಅವಳನ್ನು ಮಣೆಯ ಮೇಲೆ ಕೂರಿಸಿದ್ದರು. ಸೀರೆ ತೊಯ್ದು ಮೈಗೆ ಅಂಟಿಕೊಂಡಿತ್ತು. ಸೆರಗು ಎಳೆದುಕೊಳ್ಳಲು ಕೈ ಎತ್ತಿದಳು.

"ಕೈ ಇಳ್ಸೇ ಮುಂಡೆ. ಮೈ ಅದ್ರೋದು ಕಾಣ್ಬೇಕು ಅಂದವ್ರೆ ಸಾಯೇಬ್ರು. ನಿನ್ನ ಯಾವನ್ ನೋಡ್ತಾನೆ ಇಲ್ಲಿ" ಅಂದ ಷಡಕ್ಷರಿ.

ನೋಡುವವರಿದ್ದರು. ಬೆಂಗಳೂರಿನಿಂದ ಡಾಕ್ಟರ ಜೊತೆ ಬಂದ ವಿದ್ಯಾರ್ಥಿಗಳು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು.

ತಲೆಗೆ ಬಿಸಿನೀರು ಬಿದ್ದರೆ ಪುಟ್ಟಲಕ್ಷ್ಮಮ್ಮನಿಗೆ ಮೂರ್ಛೆ ಬರುತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಕೆಲವರಿಗೆ ಇದೇ ಕಾಯಿಲೆ. ಅದನ್ನು ಕೇಳಿಯೇ ಡಾಕ್ಟರು ಹಿಂದಿನ ವಾರ ಅವರ ಕೇರಿಗೆ ಬಂದಿದ್ದ. ಜೀಪಿನಿಂದ ಇಳಿಯದೆ ಅವಳ ಗಂಡ ನಂಜಪ್ಪನ ಜೊತೆ ಮಾತಾಡಿದ. "ಮಾತ್ರೆ ಬಿಟ್ಟಿ ಕೊಡ್ತೀವಿ. ಒಂದು ಸಲ ಫಿಟ್ಸ್ ಬರೋದನ್ನ ಕ್ಯಾಮೆರಾದಲ್ಲಿ ಹಿಡ್ಕೋಬೇಕು. ಡಾಕ್ಟರುಗಳು ಬಿಟ್ಟು ಬೇರೆ ಯಾರೂ ನೋಡಲ್ಲ." ಹೆಬ್ಬೆಟ್ಟು ಒತ್ತಿದ್ದು ನಂಜಪ್ಪ. ಅವಳನ್ನು ಯಾರೂ ಕೇಳಲಿಲ್ಲ.

ನೀರು ಬೀಳುತ್ತಲೇ ಇತ್ತು. ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಮಣೆಯಿಂದ ಉರುಳಿ ಕೆಸರಿಗೆ ಬಿದ್ದಳು. ನಂಜಪ್ಪ ಓಡಿಬಂದ.

"ಯಾರೂ ಮುಟ್ಟಬೇಡಿ, ಅಡ್ಡ ಬರಬೇಡಿ" ಎಂದು ಡಾಕ್ಟರು ಕೂಗಿದ. ಆಮೇಲೆ ಮೆಲ್ಲಗೆ, "ಬ್ಯೂಟಿಫುಲ್" ಅಂದ.

ಎಚ್ಚರವಾದಾಗ ಅವಳ ಮೈಮೇಲೆ ಗಂಡನ ಟವೆಲಿತ್ತು. ಸೀರೆಯಲ್ಲೇ ಉಚ್ಚೆ ಹೋಗಿತ್ತು. ವಿದ್ಯಾರ್ಥಿಗಳು ಉಪ್ಪಿಟ್ಟು ತಿನ್ನುತ್ತಿದ್ದರು. ಅದು ತೊಂಬತ್ತೈದನೇ ಇಸವಿ.

ಮಾತ್ರೆ ನಿಜವಾಗಿಯೂ ಹಿಡಿಯಿತು. ಅದನ್ನು ನುಂಗುವಷ್ಟು ದಿನ ಅವಳು ಒಮ್ಮೆಯೂ ಬೀಳಲಿಲ್ಲ. ಒಂದು ಸಲ ನಂಜಪ್ಪ ಮಾತ್ರೆಗೆಂದು ಹಾಸನದ ಆಸ್ಪತ್ರೆಗೆ ಹೋದಾಗ ಷಡಕ್ಷರಿ ಬಾಗಿಲಲ್ಲೇ ತಡೆದ.

"ಸ್ಟಡಿ ಮುಗೀತು ಕಣಯ್ಯ. ಸಾಯೇಬ್ರ ಲೇಖನ ಫಾರಿನ್ ಪುಸ್ತಕದಲ್ಲಿ ಅಚ್ಚಾಯ್ತು."

"ಕಾಯ್ಲೆ ಮುಗ್ದಿಲ್ವಲ್ಲ ಸಾ."

"ನಿನ್ನೆಂಡ್ತಿ ಕಾಯ್ಲೆ ಮುಗೀಲಿ ಅಂತ ಸ್ಟಡಿ ಮಾಡುದ್ರು ಅನ್ಕಂಡಾ? ಓಗ್ಲಾ."

ಅವಳು ಬಿಸಿನೀರಿನ ಸ್ನಾನ ಬಿಟ್ಟಳು. ಮೂರ್ಛೆ ಅವಳನ್ನು ಬಿಡಲಿಲ್ಲ, ನೀರಿಲ್ಲದೆಯೂ ಬರತೊಡಗಿತು. ಒಂದು ಬೆಳಿಗ್ಗೆ ಒಲೆಯ ಮುಂದೆ ಬಿದ್ದಾಗ ಬಲಗೈ ಕೆಂಡದೊಳಗೆ ಹೋಯಿತು. ಗಾಯ ಮಾಯುವ ಹೊತ್ತಿಗೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳನ್ನು ಕಳೆ ಕೀಳಲು ಕರೆಯುವವರು ಇಲ್ಲವಾದರು.

ಎರಡು ಸಾವಿರದ ನಾಲ್ಕರಲ್ಲಿ ಕೇರಿಗೆ ಮತ್ತೆ ಜೀಪು ಬಂತು. ಈ ಸಲ ಷಡಕ್ಷರಿ ಒಬ್ಬನೇ. "ಆಸನ ಟೌನಲ್ಲಿ ಸಾಯೇಬ್ರಿಗೆ ಸನ್ಮಾನ. ಪೇಷಂಟುಗಳು ಬಂದು ಕೂತ್ರೆ ಅವ್ರಿಗೆ ಖುಷಿ. ಮಾತ್ರೆ ಮತ್ತೆ ಶುರು ಮಾಡುಸ್ತಾರೆ." ಮಾತ್ರೆಯ ಆಸೆಗೆ ಗಂಡ ಹೆಂಡತಿ ಹೊರಟರು. ಪಿಯುಸಿ ಓದುತ್ತಿದ್ದ ಮಗಳು ಯಶಸ್ವಿನಿಯೂ ಹತ್ತಿದಳು.

ಸಭಾಂಗಣದಲ್ಲಿ ಅವರಿಗೆ ಕೊನೆಯ ಸಾಲು, ಚಪ್ಪಲಿ ಬಿಡುವ ಜಾಗದ ಪಕ್ಕ. ವೇದಿಕೆಯ ಮೇಲೆ ನಿವೃತ್ತ ಪ್ರಿನ್ಸಿಪಾಲ್ ಪಂಚಾಕ್ಷರಯ್ಯ ಮೈಕು ಹಿಡಿದಿದ್ದರು.

"ನಮ್ಮ ಹೊಳೆನರಸೀಪುರದ ಸುಪುತ್ರ. ಇವರ ಲೇಖನವನ್ನು ಜಗತ್ತಿನ ವಿದ್ವಾಂಸರು ಸಾವಿರಾರು ಕಡೆ ಉಲ್ಲೇಖಿಸಿದ್ದಾರೆ. ಜಪಾನಿನಲ್ಲೂ ಇವರ ಹೆಸರು ಹೇಳದೆ ಈ ರೋಗದ ಬಗ್ಗೆ ಒಂದು ಸಾಲು ಬರೆಯುವಂತಿಲ್ಲ."

"ಅಂಗಂದ್ರೇನವ್ವ?" ಪುಟ್ಟಲಕ್ಷ್ಮಮ್ಮ ಮಗಳ ಕಿವಿಯಲ್ಲಿ ಕೇಳಿದಳು.

"ಬ್ಯಾರೆ ಡಾಕ್ಟ್ರುಗಳು ಬರ್ಯೋವಾಗ, ಇವ್ರು ಇಂಗ್ ಕಂಡಿಡುದ್ರು ಅಂತ ಎಸ್ರು ಆಕ್ತಾರಂತೆ."

"ನನ್ನೆಸ್ರೂ ಆಕವ್ರಾ?"

ಯಶಸ್ವಿನಿ ಉತ್ತರ ಹೇಳುವಷ್ಟರಲ್ಲಿ ದೀಪ ಆರಿತು. ವೇದಿಕೆಯ ಹಿಂಭಾಗದಲ್ಲಿ ಕಟ್ಟಿದ್ದ ಬಿಳಿ ಬಟ್ಟೆಯ ಮೇಲೆ ವಿಡಿಯೋ ಓಡತೊಡಗಿತು. ತೋಪು, ಮಣೆ, ಒದ್ದೆ ಸೀರೆ. ಹೆಂಗಸಿನ ಕಣ್ಣಿಗೆ ಮಾತ್ರ ಕಪ್ಪು ಪಟ್ಟಿ ಬಳಿದಿದ್ದರು. ಉಳಿದದ್ದೆಲ್ಲ ಇದ್ದ ಹಾಗೇ ಕಾಣುತ್ತಿತ್ತು.

"ಕೆಳ್ಗೆ ಏನಂತ ಬರ್ದವ್ರೆ?"

"ಏಳ್ನೇ ಕೇಸು ಅಂತ" ಎಂದಳು ಯಶಸ್ವಿನಿ.

ಡಾಕ್ಟರು ಕೈಯಲ್ಲಿದ್ದ ಸಣ್ಣ ದೀಪ ಒತ್ತಿದ. ಕೆಂಪು ಚುಕ್ಕೆಯೊಂದು ಹೆಂಗಸಿನ ಎದೆಯ ಮೇಲೆ ನಿಂತು, ತೊಡೆಗೆ ಇಳಿಯಿತು. "ಇಲ್ಲಿ ಗಮನಿಸಿ" ಅಂದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಪುಟ್ಟಲಕ್ಷ್ಮಮ್ಮ ಎದ್ದಳು. ನಂಜಪ್ಪ ಅವಳ ಸೆರಗು ಹಿಡಿದ. "ಸುಮ್ಕೆ ಕೂತ್ಕಳೆ. ಮಾತ್ರೆ ಕೊಡ್ತಾರಂತೆ."

"ನೀನೇ ನುಂಗು" ಎಂದು ಸೆರಗು ಬಿಡಿಸಿಕೊಂಡಳು.

ಅಡ್ಡ ಬಂದ ಷಡಕ್ಷರಿಯನ್ನು ತಳ್ಳಿ ವೇದಿಕೆ ಹತ್ತಿದಳು. ಡಾಕ್ಟರು ಕನ್ನಡಕ ಸರಿಮಾಡಿಕೊಂಡ. "ಯಾರಮ್ಮ ನೀನು? ಏನು ಬೇಕು?"

"ಕಣ್ಗೆ ಪಟ್ಟಿ ಇಲ್ದಿದ್ರೆ ಗುರ್ತು ಸಿಗಾಕಿಲ್ವಾ ಸಾ?"

ಎಡಗೈಯಿಂದ ಬಿಳಿ ಬಟ್ಟೆ ಹಿಡಿದು ಜಗ್ಗಿದಳು. ಬಟ್ಟೆ ಕಿತ್ತು ಬಂತು. ಅದನ್ನು ಭುಜದಿಂದ ಪಾದದವರೆಗೆ ಸುತ್ತಿಕೊಂಡಳು. ಬಟ್ಟೆಯ ಹಿಂದೆ ಸನ್ಮಾನದ ದೊಡ್ಡ ಬ್ಯಾನರಿತ್ತು, ಅದರ ತುಂಬ ಡಾಕ್ಟರ ನಗುಮುಖ. ಒದ್ದೆ ಸೀರೆಯ ಹೆಂಗಸು ಈಗ ಆ ಮುಖದ ಮೇಲೆ ಬಿದ್ದು ಒದ್ದಾಡುತ್ತಿದ್ದಳು.

"ಆರಿಸ್ರೋ ಅದನ್ನ" ಎಂದು ಡಾಕ್ಟರು ಅರಚಿದ. ಪಂಚಾಕ್ಷರಯ್ಯನವರು ಮೈಕಿನಲ್ಲೇ, "ಇಂಥವರನ್ನೆಲ್ಲ ಒಳಗೆ ಬಿಟ್ಟವರು ಯಾರು?" ಅಂದರು. ಅವಳು ಮೆಟ್ಟಿಲಿಳಿದು, ಸಾಲುಗಳ ನಡುವೆ ನಡೆದು, ಹೊರಗೆ ಹೋದಳು. ಯಶಸ್ವಿನಿ ಹಿಂದೆಯೇ ಓಡಿದಳು. ನಂಜಪ್ಪನೂ ಎದ್ದ.

ಬಸ್ ಸ್ಟ್ಯಾಂಡಿಗೆ ಷಡಕ್ಷರಿ ಏದುಸಿರು ಬಿಡುತ್ತ ಬಂದ. "ಬಟ್ಟೆ ಬಾಡ್ಗೇದು ಕಣೇ, ಬಿಚ್ಚು."

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಕಡಲೆಕಾಯಿ ಮಾರುವವಳು ಬುಟ್ಟಿ ಕೆಳಗಿಟ್ಟಳು.

"ನಿಮ್ ಡಾಕ್ಟ್ರುನ್ನ ಕಳ್ಸು" ಅಂದಳು ಪುಟ್ಟಲಕ್ಷ್ಮಮ್ಮ. "ಅವ್ನೇ ಬಂದು ಬಿಚ್ಕಂಡು ಓಗ್ಲಿ. ಇಷ್ಟ್ ಜನ ಅವ್ರಲ್ಲ, ಎಲ್ರೂ ನೋಡ್ಲಿ."

"ಪೊಲೀಸ್ರುನ್ನ ಕರೀತೀನಿ ನೋಡು."

"ಅವ್ರ್ನೂ ಕರ್ಕಂಬಾ."

ದುದ್ದದ ಬಸ್ಸು ಬಂದು ನಿಂತಿತು. "ಹತ್ತವ್ವ, ಓಗಾಣ" ಎಂದು ಯಶಸ್ವಿನಿ ಕೈ ಹಿಡಿದಳು. ಅವಳು ಹತ್ತಲಿಲ್ಲ. ಬಿಳಿ ಬಟ್ಟೆ ಸುತ್ತಿಕೊಂಡೇ ಬಸ್ ಸ್ಟ್ಯಾಂಡಿನ ನಟ್ಟನಡುವೆ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತಳು.

"ಓಗಿ ಕರ್ಕಂಬಾರ್ಲಾ. ಇಲ್ಲೇ ಇರ್ತೀನಿ."