ಶೂನ್ಯಪ್ಪನವರ ಕಕ್ಷಿದಾರಳು

ನಮ್ಮ ಭಾವನಿಗೆ ಜಗತ್ತೆಲ್ಲ ಒಂದು ಚೌಕದ ಕೋಷ್ಟಕ. ಅಡ್ಡಸಾಲಿನಲ್ಲಿ ಕೆಲಸ ಮಾಡುವವರು, ಕಂಬಸಾಲಿನಲ್ಲಿ ಆಗಬೇಕಾದ ಕೆಲಸಗಳು, ಒಂದೊಂದು ಮನೆಯಲ್ಲಿ ಒಂದೊಂದು ಅಂಕಿ. ಯಾವ ಕೆಲಸವನ್ನು ಯಾರ ಕೈಗೆ ಕೊಟ್ಟರೆ ಒಟ್ಟು ಶ್ರಮ ಎಲ್ಲಕ್ಕಿಂತ ಕಡಿಮೆಯಾಗುತ್ತದೆ ಎಂದು ಹುಡುಕುವುದೇ ಅವರ ಸಂಶೋಧನೆ. ವಿಶ್ವವಿದ್ಯಾಲಯದವರು ಇದಕ್ಕೆ ಹಂಚಿಕೆಯ ಸಮಸ್ಯೆ ಅನ್ನುತ್ತಾರೆ. ನಮ್ಮಕ್ಕ ಮಾತ್ರ ಇದನ್ನು ‘ಮನೆಗೆಲಸ ಬಿಟ್ಟು ಮಿಕ್ಕಿದ್ದನ್ನೆಲ್ಲ ಹಂಚುವ ವಿದ್ಯೆ’ ಅನ್ನುತ್ತಾಳೆ. ಅವಳ ಗಂಡ ಅದನ್ನು ಕೇಳಿಯೂ ಕೇಳದವರ ಹಾಗೆ ಪತ್ರಿಕೆ ಓದುತ್ತಾರೆ.

ಭಾವ ಈ ಲೆಕ್ಕವನ್ನು ಮೊದಲು ಲಾರಿಗಳ ಮೇಲೆ ಪ್ರಯೋಗಿಸಿದರು. ಯಾವ ಸರಕನ್ನು ಯಾವ ಲಾರಿಗೆ ಹೇರಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ಆಮೇಲೆ ಕಂಪ್ಯೂಟರ್‌ಗಳಿಗೆ ಬಂದರು, ಯಾವ ಕೆಲಸವನ್ನು ಯಾವ ಯಂತ್ರ ಮಾಡಿದರೆ ಬೇಗ ಮುಗಿಯುತ್ತದೆ ಎಂದು. ಮೂರನೆಯ ಪ್ರಯೋಗಪಶುಗಳು ನಾವು, ಅಂದರೆ ಉಚಿತ ಕಾನೂನು ನೆರವು ಕಚೇರಿಯ ಏಳು ಜನ ವಕೀಲರು.

ಅವರನ್ನು ಕಚೇರಿಗೆ ಕರೆತಂದವಳು ನಾನೇ. ಅಲ್ಲಿಯವರೆಗೆ ಸುಲಭದ ಕೇಸುಗಳಿಗೆ ನಮ್ಮಲ್ಲಿ ಕಿತ್ತಾಟ ನಡೆಯುತ್ತಿತ್ತು. ಹಿರಿಯರು ಕೆನೆ ತೆಗೆದುಕೊಂಡು ಹೋಗುತ್ತಿದ್ದರು, ಕಿರಿಯರ ಪಾಲಿಗೆ ತಳ ಹಿಡಿದದ್ದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಸಭೆಯಲ್ಲಿ ಮೇಜು ಕುಟ್ಟಿ ನಿಯಮ ಮಾಡಿಸಿದೆ. ವಾರಕ್ಕೊಮ್ಮೆ ಭಾವನ ಪ್ರೋಗ್ರಾಂ ಕೇಸುಗಳನ್ನು ಹಂಚಬೇಕು, ಅದು ಹಂಚಿದ್ದನ್ನು ಯಾರೂ ಬದಲಾಯಿಸಬಾರದು, ಯಾರೂ ತಾವಾಗಿ ಒಂದು ಕೇಸನ್ನು ಎತ್ತಿಕೊಳ್ಳಬಾರದು. ಪ್ರತಿಯೊಬ್ಬರಿಗೂ ತಮ್ಮ ಪಾಲಿನ ಕೇಸು ಮಾತ್ರ ಪರದೆಯ ಮೇಲೆ ಕಾಣಬೇಕು, ಪಕ್ಕದವರ ತಟ್ಟೆ ನೋಡಿ ಹೊಟ್ಟೆ ಉರಿದುಕೊಳ್ಳುವುದು ತಪ್ಪಲಿ ಎಂದು. ಎರಡು ವರ್ಷ ಕಚೇರಿಯಲ್ಲಿ ಜಗಳವಿರಲಿಲ್ಲ.

ಒಂದು ತೊಡಕಿತ್ತು. ಕೋಷ್ಟಕ ಚೌಕವಾಗಿರಬೇಕು, ಅಂದರೆ ಎಷ್ಟು ಕೇಸೋ ಅಷ್ಟೇ ವಕೀಲರು. ನಾವು ಏಳು ಜನ, ಕೇಸುಗಳು ವಾರಕ್ಕೆ ಎಂಟು. ಅದಕ್ಕೆ ಭಾವ ಇಲ್ಲದ ಒಬ್ಬ ವಕೀಲನನ್ನು ಕೋಷ್ಟಕದಲ್ಲಿ ಸೇರಿಸಿದರು. ಅವನ ಸಾಲಿನಲ್ಲಿ ಎಲ್ಲಾ ಅಂಕಿಗಳೂ ಸೊನ್ನೆ. ಅವನ ಪಾಲಿಗೆ ಬಂದ ಕೇಸು ಆ ವಾರ ಯಾರಿಗೂ ಸಿಗಲಿಲ್ಲ ಎಂದು ಅರ್ಥ, ಮುಂದಿನ ವಾರ ಅದು ಮತ್ತೆ ಹಂಚಿಕೆಗೆ ಬರುತ್ತದೆ. ಭಾವನ ವಿದ್ಯಾರ್ಥಿಗಳು ತಮಾಷೆಗೆ ಅವನಿಗೆ ಶೂನ್ಯಪ್ಪ ಎಂದು ಹೆಸರಿಟ್ಟರು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಈ ಕಥೆ ಕೇಳಿ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ.

ಆ ನಗು ಇಳಿದದ್ದು ಒಂದು ಮಂಗಳವಾರ ಬೆಳಿಗ್ಗೆ. ಕೌಂಟರಿನ ಗುಮಾಸ್ತೆ ಹೊಸಬಳು, ಕಾಫಿಗೆ ಹೋಗಿದ್ದಳು. ಕಿಟಕಿಯಾಚೆ ಒಬ್ಬ ಹುಡುಗಿ ನಿಂತಿದ್ದಳು. ವಯಸ್ಸು ಇಪ್ಪತ್ತರ ಮೇಲೆ ಒಂದೆರಡು ಇರಬಹುದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಎಂದು ಅವಳ ಏಪ್ರನ್ನೇ ಹೇಳುತ್ತಿತ್ತು. ಬಿಸಿನೀರು, ಸೋಡಾಪುಡಿಗೆ ಬೆರಳ ತುದಿಗಳು ಬಿಳಿಚಿಕೊಂಡಿದ್ದವು.

“ಶೂನ್ಯಪ್ಪನವರು ಇವತ್ತಾದ್ರೂ ಬಂದಿದಾರಾ ಮೇಡಂ?” ಎಂದಳು.

“ಯಾರು?”

“ಶೂನ್ಯಪ್ಪನವರು. ನನ್ನ ವಕೀಲರು.”

ಒಂದು ಕ್ಷಣ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಆಮೇಲೆ ಅಕ್ಕನ ಮನೆಯ ಆ ತಮಾಷೆ ನೆನಪಾಯಿತು. ಹೊಸ ಗುಮಾಸ್ತೆಗೆ ಪರದೆಯ ಮೇಲೆ ಕಂಡ ಹೆಸರನ್ನು ಓದಿ ಹೇಳುವುದಷ್ಟೇ ಗೊತ್ತು. ಶೂನ್ಯಪ್ಪ ಯಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಎಷ್ಟು ದಿನದಿಂದ ಬರ್ತಾ ಇದೀಯಮ್ಮ?”

“ಒಂದೂವರೆ ತಿಂಗಳಾಯ್ತು. ಪ್ರತಿ ವಾರಾನೂ ಅವರ ಹೆಸರೇ ಬರುತ್ತೆ, ಅವರು ಮಾತ್ರ ಬರಲ್ಲ.”

“ಮತ್ತೆ ಜಗಳ ಮಾಡೋದಲ್ವಾ? ಸುಮ್ನೆ ಹೋಗ್ತಿದ್ಯಾ?”

ಅವಳು ಸಂಕೋಚದಿಂದ ಏಪ್ರನ್ನಿನ ಅಂಚು ತಿರುವಿದಳು. “ನಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇರ್ತಾರಲ್ಲ ಮೇಡಂ. ಅಂಥೋರ ಕೇಸು ಮೊದಲು ನೋಡ್ತಾ ಇರ್ತಾರೆ ಅಂದ್ಕೊಂಡೆ.”

ಅವಳನ್ನು ಒಳಗೆ ಕೂರಿಸಿ ವಿಷಯ ಕೇಳಿದೆ. ತಾಯಿ ತೀರಿಕೊಂಡು ವರ್ಷವಾಗಿತ್ತು, ತಂದೆ ಮೊದಲೇ ಇಲ್ಲ. ಒಂಬತ್ತು ವರ್ಷದ ತಂಗಿಯನ್ನು ಇವಳೇ ಸಾಕುತ್ತಿದ್ದಳು. ಬೇರೆ ಊರಿನಲ್ಲಿರುವ ಚಿಕ್ಕಪ್ಪ ತಂಗಿಯನ್ನು ತನ್ನ ವಶಕ್ಕೆ ಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಿದ್ದ. ಎರಡು ವಿಚಾರಣೆ ಆಗಿಹೋಗಿತ್ತು. ಎರಡರಲ್ಲೂ ಇವಳು ಎದ್ದು ನಿಂತು “ನನ್ನ ವಕೀಲರು ಬರ್ತಾರೆ” ಎಂದಷ್ಟೇ ಹೇಳಿ ಕೂತಿದ್ದಳು. ನ್ಯಾಯಾಧೀಶರು ಕೊನೆಯ ಅವಕಾಶ ಕೊಟ್ಟಿದ್ದರು. ಗುರುವಾರ ವಕೀಲರು ಬರಲಿ ಬಿಡಲಿ, ತೀರ್ಮಾನ ಆಗುತ್ತದೆ.

“ತಂಗಿ ನನ್ನ ಹತ್ರಾನೇ ಉಳಿದ್ರೆ ಸಾಕು ಮೇಡಂ, ಬೇರೆ ಏನೂ ಬೇಡ” ಎಂದಳು. “ಶೂನ್ಯಪ್ಪನವರಿಗೆ ಸ್ವಲ್ಪ ಹೇಳ್ತೀರಾ?”

ಅಂಥ ಮನುಷ್ಯನೇ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಗುರುವಾರ ಯಾರಾದರೂ ಬಂದೇ ಬರುತ್ತಾರೆ ಎಂದು ಹೇಳಿ ಕಳಿಸಿದೆ. ಕೋಟು ಹಾಕಿಕೊಂಡು ನೆಟ್ಟಗೆ ವಿಶ್ವವಿದ್ಯಾಲಯಕ್ಕೆ, ಭಾವನ ಕೋಣೆಗೆ ಹೋದೆ.

ಭಾವನ ಕೋಣೆಯಲ್ಲಿ ಕೂರಲು ಜಾಗ ಬೇಕಾದರೆ ಒಂದು ಪ್ರಬಂಧವನ್ನು ನೆಲಕ್ಕಿಳಿಸಬೇಕು. ಇಳಿಸಿ ಕೂತೆ.

“ಏನು, ಲಾಯರಮ್ಮನ ಸವಾರಿ ಇಷ್ಟು ಹೊತ್ತಿಗೇ?” ಎಂದರು.

“ನಿಮ್ಮ ಶೂನ್ಯಪ್ಪನ ಕಕ್ಷಿದಾರಳನ್ನ ನೋಡ್ಕೊಂಡು ಬಂದೆ.”

ನಡೆದದ್ದನ್ನು ಹೇಳಿದೆ. ಭಾವ ಮೊದಲು ಗುಮಾಸ್ತೆಯನ್ನು ಬೈದರು. ಆಮೇಲೆ ಸಮರ್ಥನೆಗೆ ಇಳಿದರು. “ನೋಡು, ಒಟ್ಟು ಲೆಕ್ಕದಲ್ಲಿ ನಿಮ್ಮ ಕಚೇರಿ ಮೊದಲಿಗಿಂತ ಎಷ್ಟೋ ಹೆಚ್ಚು ಕೇಸು ಮುಗಿಸ್ತಿದೆ. ಯಾವುದೋ ಒಂದು ಕೇಸು ಒಂದು ವಾರ ಹಿಂದೆ ಬಿದ್ರೆ...”

“ಒಂದು ವಾರ ಅಲ್ಲ ಭಾವ. ಪ್ರತಿ ವಾರ ಅದೇ ಕೇಸು.”

“ಹಾಗಾಗಲ್ಲ” ಎಂದು ಕಂಪ್ಯೂಟರ್ ಕಡೆ ತಿರುಗಿದರು. ಹಳೆಯ ವಾರಗಳನ್ನು ಒಂದೊಂದಾಗಿ ತೆರೆದರು. ಮೂರನೆಯದರಲ್ಲೂ ಅದೇ ಕೇಸು ಶೂನ್ಯಪ್ಪನ ಪಾಲಿಗೆ ಬಿದ್ದಿತ್ತು. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

“ಪಾಲಕತ್ವದ ಕೇಸು ನಿಮ್ಮೆಲ್ಲರಿಗೂ ಭಾರ” ಎಂದರು ನಿಧಾನವಾಗಿ. “ಹಳೆ ಕೇಸುಗಳ ಪ್ರಕಾರ ಏಳು ಜನಕ್ಕೂ ಅದಕ್ಕೇ ಹೆಚ್ಚು ದಿನ ಹಿಡಿಯುತ್ತೆ. ಶೂನ್ಯಪ್ಪನಿಗೆ ಯಾವುದೂ ಭಾರ ಅಲ್ಲ. ಒಟ್ಟು ಕಡಿಮೆ ಆಗ್ಬೇಕಾದ್ರೆ ಎಲ್ಲಕ್ಕಿಂತ ಭಾರದ್ದನ್ನೇ ಅವನ ತಲೆಗೆ ಕಟ್ಬೇಕು. ಲೆಕ್ಕ ಸರಿಯಾಗೇ ಇದೆ. ಪ್ರತಿ ವಾರ ಹೊಸದಾಗಿ ಶುರುವಾಗುತ್ತೆ, ಹೋದ ವಾರ ಯಾರು ಕಾದ್ರು ಅನ್ನೋದು ಅದಕ್ಕೆ ನೆನಪಿಲ್ಲ.”

“ಲಾರಿ ಕಂಪನಿಯೋರಿಗೆ ಈ ತೊಂದರೆ ಬರ್ಲಿಲ್ವಾ?”

“ಅಲ್ಲಿ ಶೂನ್ಯಪ್ಪ ಅಂದ್ರೆ ಬಾಡಿಗೆ ಲಾರಿ. ಮಿಕ್ಕ ಸರಕನ್ನ ಅವರು ಹೊರಗಿಂದ ಲಾರಿ ತರಿಸಿ ಅವತ್ತೇ ಕಳಿಸಿಬಿಡ್ತಾರೆ. ಕಂಪ್ಯೂಟರ್ ವಿಷಯಕ್ಕೆ ಬಂದ್ರೆ, ಒಂದು ಕೆಲಸ ಕಾದಷ್ಟೂ ಅದರ ತೂಕ ಏರಿಸ್ತಾ ಹೋಗ್ತೀವಿ. ಇಲ್ದಿದ್ರೆ ಒಂದು ಕೆಲಸ ಕೊನೇವರೆಗೂ ಮೂಲೇಲಿ ಬಿದ್ದಿರುತ್ತೆ. ಅದಕ್ಕೆ ನಮ್ಮಲ್ಲಿ ಹಸಿವು ಅಂತಾನೇ ಹೆಸರು. ಅದರ ಮೇಲೆ ನಾನೇ ಪ್ರಬಂಧ ಬರೆದಿದೀನಿ.”

“ಮತ್ತೆ ನಮಗೆ ಯಾವ ಪ್ರೋಗ್ರಾಂ ಕೊಟ್ರಿ?”

“ಲಾರೀದು.”

“ಯಾಕೆ?”

“ಮೊದಲ ಸಲ ನಿಮ್ಮ ಕಚೇರಿಗೆ ಬಂದಾಗ ಕಪಾಟಿನ ತುಂಬ ಫೈಲುಗಳನ್ನ ಜೋಡಿಸಿಟ್ಟಿದ್ರಿ. ಗೋದಾಮಿನ ಥರಾನೇ ಕಂಡಿತು” ಎಂದರು.

ನನಗೆ ಬಂದ ಸಿಟ್ಟಿಗೆ ಏನು ಅಂದೆನೋ ನೆನಪಿಲ್ಲ, ಅಂದದ್ದಂತೂ ನಿಜ. ಕೊನೆಗೆ ನಾನೇ ಸೋತು, “ಈಗ ಗುರುವಾರದ ದಾರಿ ನೋಡೋಣ. ಅವಳ ಕೇಸಿನ ಕೆಳಗೆ ನನ್ನ ಸಾಲಿನಲ್ಲಿ ಒಂದು ಸೊನ್ನೆ ಬರೀರಿ, ನನಗೇ ಬರುತ್ತೆ” ಎಂದೆ.

“ಸುಳ್ಳು ಅಂಕಿ ಬರೀಲಾ?”

“ಹೂಂ.”

“ಆಗಲ್ಲ. ಇವತ್ತು ನಿನಗೋಸ್ಕರ ಒಂದು, ನಾಳೆ ಇನ್ನೊಬ್ಬರಿಗೋಸ್ಕರ ಒಂದು. ಈ ನಿಯಮಕ್ಕೆ ಮೇಜು ಕುಟ್ಟಿದೋಳು ನೀನೇ.”

ಅದು ನಿಜವಾದ್ದರಿಂದ ಇನ್ನಷ್ಟು ಉರಿಯಿತು. ಎದ್ದು ಹೊರಡಬೇಕು ಅನ್ನುವಷ್ಟರಲ್ಲಿ ಅವರು ಮತ್ತೆ ಅಂದರು, “ಕೂತ್ಕೋ. ಸುಳ್ಳು ಬರೆಯಲ್ಲ ಅಂದೆ, ಸುಮ್ನಿರ್ತೀನಿ ಅನ್ಲಿಲ್ಲ. ಕಾದಷ್ಟಕ್ಕೆ ತೂಕ ಸೇರಿಸ್ತೀನಿ. ಎಲ್ಲಾ ಕೇಸಿಗೂ, ಒಂದೇ ಅಳತೇಲಿ.”

“ಅಷ್ಟು ಸುಲಭಾನಾ?”

“ಬರೆಯೋದು ಸುಲಭ. ಇದೇ ಕಚೇರಿಯ ಫಲಿತಾಂಶ ಇಟ್ಕೊಂಡು ಬರೆದ ಪ್ರಬಂಧ ಮುಂದಿನ ತಿಂಗಳು ಅಚ್ಚಾಗ್ಬೇಕಿತ್ತು. ಅದನ್ನ ವಾಪಸ್ ತಗೋಬೇಕು.” ಹೇಳಿ ಕೆಲಸಕ್ಕೆ ಕೂತರು. ಅವರ ಮುಖ ನೋಡಿ ನನಗೆ ಮೊದಲ ಸಲ ಅಯ್ಯೋ ಅನ್ನಿಸಿತು. ಆ ಪ್ರಬಂಧದ ಹೆಸರಿನಲ್ಲಿ ಅಕ್ಕನ ಮನೆಯಲ್ಲಿ ಎಷ್ಟು ಭಾನುವಾರಗಳು ಹಾಳಾಗಿದ್ದವೋ.

ಎಂದಿನ ಮಂಗಳವಾರದ ಹಂಚಿಕೆ ಮಧ್ಯಾಹ್ನದ ಹೊತ್ತಿಗೆ ಹೊಸ ತೂಕದೊಂದಿಗೆ ಬಂತು. ಲಾಂಡ್ರಿ ಹುಡುಗಿಯ ಕೇಸು ನನ್ನ ಪಾಲಿಗೇ ಬಿದ್ದಿತ್ತು. ಈ ಗುರುವಾರ ಖಾಲಿ ಇದ್ದವಳು ನಾನೊಬ್ಬಳೇ ಎಂದು ಭಾವ ವಿವರಿಸಿದರು. ಒಟ್ಟು ಮೊತ್ತ ಮೊದಲಿಗಿಂತ ಜಾಸ್ತಿಯಾಗಿತ್ತು, ಅದನ್ನು ಹುಳಿ ತಿಂದವರ ಹಾಗೆ ನೋಡಿದರು. ನನ್ನ ಕೈಗೆ ಬರಬೇಕಿದ್ದ ಬಡಗಿಯೊಬ್ಬರ ಗೋಡೆ ತಕರಾರು ಶೂನ್ಯಪ್ಪನಿಗೆ ಹೋಗಿತ್ತು.

“ಇವರಿಗೆ ಯಾರು ಹೇಳ್ತಾರೆ?” ಎಂದರು ಭಾವ.

“ನಾನೇ ಹೋಗಿ ಹೇಳ್ತೀನಿ.”

ಸಂಜೆ ಬಡಗಿಯ ಅಂಗಡಿಗೆ ಹೋದೆ. ಈ ವಾರ ನಿಮಗೆ ವಕೀಲರಿಲ್ಲ, ನಮ್ಮಲ್ಲಿ ಜನ ಕಡಿಮೆ, ಮುಂದಿನ ವಾರ ನಿಮ್ಮ ಸರದಿ ಮುಂದಕ್ಕೆ ಬರುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಗೊಣಗಿದರು, ಪಕ್ಕದವನ ಗೋಡೆಗೆ ಒಂದಷ್ಟು ಶಾಪ ಹಾಕಿದರು, ಕೊನೆಗೆ ಕೂರಲು ಸ್ಟೂಲು ಕೊಟ್ಟರು. ಇಷ್ಟು ಹೇಳುವುದಕ್ಕೆ ನಮಗೆ ಎರಡು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

ಗುರುವಾರ ಕೋರ್ಟಿನಲ್ಲಿ ಹೆಚ್ಚು ಜನವಿರಲಿಲ್ಲ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಎರಡು ವರ್ಷ ನಮ್ಮ ಕೇಸುಗಳನ್ನು ಹಂಚಿದವರು ಕೋರ್ಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಅವರ ಪಕ್ಕದಲ್ಲಿ ಚಿಕ್ಕ ಹುಡುಗಿ, ತೊಡೆಯ ಮೇಲೆ ಉಬ್ಬಿಕೊಂಡ ಬಟ್ಟೆಯ ಚೀಲ. ಅವಳೇ ತಂಗಿ ಎಂದು ಮೂಗು ನೋಡಿದರೇ ಗೊತ್ತಾಗುತ್ತಿತ್ತು.

ನಾನು ಎದ್ದು, ಇವರ ಪರವಾಗಿ ಬಂದಿದ್ದೇನೆ ಎಂದಾಗ ನ್ಯಾಯಾಧೀಶರು ಹುಬ್ಬೇರಿಸಿದರು. ಲಾಂಡ್ರಿ ಹುಡುಗಿಯ ಸಂಬಳ, ಬಾಡಿಗೆ ಕೋಣೆ, ತಂಗಿಯ ಶಾಲೆಯ ಹಾಜರಿ, ಪಕ್ಕದ ಮನೆಯವರ ಹೇಳಿಕೆ, ಒಂದು ದಿನದಲ್ಲಿ ಜೋಡಿಸಿದ್ದನ್ನೆಲ್ಲ ಮುಂದಿಟ್ಟೆ. ಅವರು ಓದಿ, ಹುಡುಗಿಯನ್ನೇ ನೇರ ಕೇಳಿದರು.

“ಇಷ್ಟೆಲ್ಲ ಇದ್ದೂ ಎರಡು ಸಲ ನೀವು ಒಂದು ಮಾತೂ ಆಡಲಿಲ್ಲ. ಯಾಕೆ?”

“ಆಡಬೇಡಿ ಅಂದಿದ್ರು ಸ್ವಾಮಿ.”

“ಯಾರು?”

“ಕಚೇರಿಯೋರು. ವಕೀಲರು ಬರೋ ತನಕ ಕೋರ್ಟಲ್ಲಿ ಏನೂ ಮಾತಾಡಬೇಡಿ, ಮಾತಾಡಿದ್ರೆ ಕೇಸು ಕೆಡುತ್ತೆ ಅಂತ ಕೌಂಟರ್ ಮೇಲೆ ಬೋರ್ಡು ಹಾಕಿದಾರೆ.”

ಆ ಬೋರ್ಡು ಇರುವುದು ನಿಜ. ನಾವು ಎಲ್ಲರಿಗೂ ಕೊಡುವ ಬುದ್ಧಿಮಾತೇ ಅದು. ಈ ಹುಡುಗಿ ಅದನ್ನು ಅಕ್ಷರಶಃ ಪಾಲಿಸಿದ್ದಳು.

ಆಗ ಚಿಕ್ಕಪ್ಪ ಎದ್ದು ನಿಂತರು. ನಾನು ಖಳನಾಯಕನನ್ನು ನಿರೀಕ್ಷಿಸಿದ್ದೆ. ಎದ್ದವರು ಬಸ್ ಡಿಪೋದ ಮೆಕ್ಯಾನಿಕ್, ಉಗುರಿನ ಸಂದಿಯಲ್ಲಿ ಗ್ರೀಸು ಇನ್ನೂ ಇತ್ತು. “ಸ್ವಾಮಿ, ಇವಳಿಗೆ ಚಿಕ್ಕವಳು ಹೊರೆ ಆಗಿದಾಳೇನೋ, ಬಾಯಿಬಿಟ್ಟು ಹೇಳಕ್ಕೆ ಆಗ್ತಿಲ್ವೇನೋ ಅಂತ ಅರ್ಜಿ ಹಾಕಿದ್ದು. ಇಲ್ಲಿ ಎರಡು ಸಲ ಸುಮ್ನೆ ಕೂತಿದ್ದು ನೋಡಿ, ಹೌದು, ಇವಳಿಗೆ ಬೇಡ ಅಂತ ಖಾತ್ರಿ ಆಯ್ತು. ಇವಳಿಗೆ ಬೇಕು ಅನ್ನೋದಾದ್ರೆ ನನ್ನ ಅಡ್ಡಿ ಇಲ್ಲ” ಎಂದರು. ಅರ್ಜಿ ಹಿಂದಕ್ಕೆ ತೆಗೆದುಕೊಂಡರು. ನ್ಯಾಯಾಧೀಶರು ಲಾಂಡ್ರಿ ಹುಡುಗಿಯನ್ನೇ ಪಾಲಕಿ ಎಂದು ಮಾಡಿ ಮುಂದಿನ ಕೇಸು ಕರೆಸಿದರು.

ಹೊರಗೆ ಬಂದಾಗ ನನಗೆ ಕುಣಿಯುವಷ್ಟು ಖುಷಿ. ಲಾಂಡ್ರಿ ಹುಡುಗಿ ಕಣ್ಣೊರೆಸಿಕೊಂಡು ತಂಗಿಯ ಚೀಲಕ್ಕೆ ಕೈ ಚಾಚಿದಳು. ತಂಗಿ ಚೀಲವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು.

“ಅದರಲ್ಲಿ ಏನಿದೆ ಪುಟ್ಟಿ?” ಎಂದು ನಾನು ಕೇಳಿದೆ.

“ನನ್ನ ಬಟ್ಟೆ. ಚಿಕ್ಕಪ್ಪನ ಮನೆಗೆ.”

“ಯಾರು ಕಟ್ಟು ಅಂದ್ರು?” ಎಂದಳು ಅಕ್ಕ, ಗಾಬರಿಯಾಗಿ.

“ನಾನೇ ಕಟ್ಕೊಂಡೆ. ಎರಡು ಸಲಾನೂ ನಾನು ಹಿಂದೆ ಕೂತಿದ್ದೆ. ನಾನು ಬೇಕಾ ಅಂತ ಜಡ್ಜು ನಿನ್ನ ಕೇಳಿದ್ರು. ನೀನು ಏನೂ ಹೇಳ್ಲಿಲ್ಲ.”

ಭಾವ ಮುಂದೆ ಬಂದು ಆ ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತರು.

“ತಪ್ಪು ನಿಮ್ಮಕ್ಕಂದಲ್ಲ ಮರಿ. ಅವಳಿಗೆ ವಕೀಲರನ್ನ ಕಳಿಸಬೇಕಾಗಿದ್ದೋನು ನಾನು. ಕಳಿಸ್ಲಿಲ್ಲ.”

“ಮರೆತ್ರಾ?”

ಕೋಷ್ಟಕ, ತೂಕ, ಸೊನ್ನೆ, ಎಲ್ಲವೂ ಅವರ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. “ಹೌದು, ಮರೆತೆ” ಎಂದರು.

ತಂಗಿ ಅಕ್ಕನ ಕಡೆ ತಿರುಗಿ, “ಹಂಗಾದ್ರೆ ಈಗ ಹೇಳು” ಎಂದಳು.

ಲಾಂಡ್ರಿ ಹುಡುಗಿ ಕೋರ್ಟಿನ ಬಾಗಿಲ ಕಡೆ ನೋಡಿದಳು, ಆಮೇಲೆ ನನ್ನ ಕಡೆ, ಇಲ್ಲಿ ಮಾತಾಡಬಹುದೇ ಎಂದು ಕೇಳುವವಳ ಹಾಗೆ. ನಾನು ತಲೆಯಾಡಿಸಿದೆ.

“ನೀನು ನನ್ನ ಜೊತೇನೇ ಇರ್ಬೇಕು” ಎಂದಳು.

ತಂಗಿ ಚೀಲವನ್ನು ಅಕ್ಕನ ಕೈಗೆ ಕೊಟ್ಟಳು.