ಮಾದರಿಗೆ ಎತ್ತಿಟ್ಟ ಲಕೋಟೆ

ನನ್ನ ಕೈಬರಹ ಚೆನ್ನಾಗಿದೆ. ಜಂಬ ಎಂದುಕೊಳ್ಳುವವರು ಎಂದುಕೊಳ್ಳಲಿ, ಇಪ್ಪತ್ತಾರು ವರ್ಷದಿಂದ ನನ್ನ ಹೊಟ್ಟೆ ತುಂಬುತ್ತಿರುವುದು ಅದರಿಂದಲೇ. ಮದುವೆಯಿರಲಿ, ಹುಟ್ಟುಹಬ್ಬವಿರಲಿ, ಕರೆಯೋಲೆ ಮಾಡಿಕೊಡುವುದು ನನ್ನ ಕಸುಬು. ಕಾಗದ ಆರಿಸಿ, ಚಿತ್ರ ಬರೆದು, ಬಣ್ಣ ಹೊಂದಿಸಿ, ಅಚ್ಚು ಹಾಕಿಸಿದ ಮೇಲೆ ಲಕೋಟೆಗಳ ಮೇಲಿನ ವಿಳಾಸವನ್ನು ನಾನೇ ಶಾಯಿಯಲ್ಲಿ ಅದ್ದುವ ಪೆನ್ನು ಹಿಡಿದು ಬರೆಯುತ್ತೇನೆ. ಕಂಪ್ಯೂಟರಿನಲ್ಲಿ ಹೊಡೆದು ಅಂಟಿಸಿದ ವಿಳಾಸ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಂಗಡಿಯಲ್ಲಿ ಒಂದು ದಪ್ಪ ಮಾದರಿ ಪುಸ್ತಕವಿದೆ. ಒಂದೊಂದು ಕೆಲಸದಲ್ಲೂ ಎಲ್ಲಕ್ಕಿಂತ ಚೆನ್ನಾಗಿ ಬಂದ ಲಕೋಟೆಯನ್ನು ನಾನು ಕಳಿಸುವುದಿಲ್ಲ. ಅದನ್ನು ಪುಸ್ತಕದ ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ, ಆ ವಿಳಾಸಕ್ಕೆ ಬೇರೆ ಲಕೋಟೆ ಬರೆಯುತ್ತೇನೆ. ಮುನ್ನೂರು ಬರೆದರೆ ಒಂದೋ ಎರಡೋ ಹಾಗೆ ಬರುತ್ತವೆ. ಅಂಥದ್ದನ್ನು ಅಂಚೆ ಡಬ್ಬಕ್ಕೆ ಹಾಕಲು ನನಗೆ ಕೈ ಬರುವುದಿಲ್ಲ.

ಹೋದ ವಾರ ಮಗಳ ಮದುವೆಗೆಂದು ಬಂದ ಒಬ್ಬ ಹೆಂಗಸು ಆ ಪುಸ್ತಕ ತಿರುವುತ್ತ ಒಂದು ಪುಟದಲ್ಲಿ ನಿಂತರು. ಎಲ್ಲರೂ ನಿಲ್ಲುವುದು ಅಲ್ಲಿಯೇ. ತಿಳಿಹಳದಿ ಕಾಗದ, ಕಡುನೀಲಿ ಶಾಯಿ, ನನ್ನ ಅಣ್ಣನ ವಿಳಾಸ. ನಾಲ್ಕು ವರ್ಷದಿಂದ ನಾನು ಮಾತ್ರ ಆ ಪುಟವನ್ನು ನೋಡಿಯೂ ನೋಡದವಳ ಹಾಗೆ ತಿರುವಿಹಾಕುತ್ತಿದ್ದೆ.

“ನಮಗೂ ಇದೇ ಥರ ಬೇಕು,” ಎಂದ ಆಕೆ ಕಾಗದ ಮುಟ್ಟಿ ನೋಡಲು ಲಕೋಟೆಯನ್ನು ಹೊರಗೆಳೆದರು. “ಒಳಗೇನೋ ಇದೆಯಲ್ಲ ಇದರಲ್ಲಿ?”

ನನ್ನ ಮಾದರಿ ಲಕೋಟೆಗಳು ಯಾವಾಗಲೂ ಖಾಲಿ. ಇಸಿದುಕೊಂಡು ನೋಡಿದೆ. ಅಂಟು ಹಾಕಿದ್ದು ಹಾಗೇ ಇತ್ತು. ಆಕೆಗೆ ಏನು ಹೇಳಿ ಸಾಗಹಾಕಿದೆನೋ ನೆನಪಿಲ್ಲ, ಅಂಗಡಿ ಬಾಗಿಲು ಎಳೆದುಕೊಂಡು ಕೂತುಬಿಟ್ಟೆ.

ಅಣ್ಣ ಗಡಿಯಾರ ರಿಪೇರಿ ಮಾಡುವವನು, ಇಲ್ಲಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿದ್ದಾನೆ. ಅತ್ತಿಗೆ ತೀರಿಕೊಂಡ ವಾರದಲ್ಲೇ ಅವಳ ಬಟ್ಟೆಬರೆ, ಹೊಲಿಗೆ ಯಂತ್ರ ಎಲ್ಲವನ್ನೂ ಯಾರಿಗೋ ಕೊಟ್ಟು ಕೈತೊಳೆದುಕೊಂಡ. ಅವು ಕಣ್ಣೆದುರಿಗಿದ್ದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ, ಇಲ್ಲದಿದ್ದರೆ ಮಗಳಿಗೆ ತಡೆಯಲಾಗಲಿಲ್ಲ. ಅವಳು ಬಾಯಿಗೆ ಬಂದಂತೆ ಅಂದಳು, ಅವನೂ ಅಂದ. ಹುಡುಗಿ ಪೆಟ್ಟಿಗೆ ಹಿಡಿದು ನನ್ನ ಮನೆಗೆ ಬಂದಳು. ಐದು ವರ್ಷ ಅಪ್ಪ ಮಗಳು ಮಾತಾಡಲಿಲ್ಲ. ನಮ್ಮ ಮನೆತನದಲ್ಲಿ ಬೇರೇನಕ್ಕೆ ಬರವಿದ್ದರೂ ಹಟಕ್ಕೆ ಬರವಿಲ್ಲ.

ಅವಳ ಮದುವೆ ಗೊತ್ತಾದಾಗ ಕರೆಯೋಲೆ ನಾನೇ ಮಾಡಿದೆ. ಮೂಲೆಯಲ್ಲಿ ಒಂದು ಪುಟ್ಟ ಹೊಲಿಗೆ ಯಂತ್ರ ಬೇಕೆಂದು ಕೇಳಿದಳು. ಬರೆದೆ. ಅದರ ಸೂಜಿಯಿಂದ ಹೊರಟ ನೂಲೇ ಕಾರ್ಡಿನ ಸುತ್ತ ಅಂಚಾಗಿ ಬರುವಂತೆ ಮಾಡಿದೆ. ನನ್ನ ಇಡೀ ಜೀವನದಲ್ಲಿ ಅಷ್ಟು ಚೆಂದದ ಕಾರ್ಡು ಇನ್ನೊಂದು ಮಾಡಿಲ್ಲ. ಒಂದು ಸಂಜೆ ಅವಳು ಅಂಟಿಸಿದ ಲಕೋಟೆಯೊಂದನ್ನು ನನ್ನ ಮೇಜಿನ ಮೇಲಿಟ್ಟಳು.

“ಅತ್ತೆ, ಇದರ ಮೇಲೆ ಅಪ್ಪನ ವಿಳಾಸ ಬರೀರಿ. ಒಳಗೆ ಕಾರ್ಡಿನ ಜೊತೆ ಒಂದು ಚೀಟಿ ಇದೆ, ಓದಬೇಡಿ.”

ಅಣ್ಣನ ಹೆಸರು ಬರೆಯುವಾಗ ಕೈ ತಾನಾಗಿ ಹರಿಯಿತು. ಅಂಥ ಅಕ್ಷರ ಮುಂಚೆ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಬರೆದು, ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಿದೆ. ಬರೆದಾಗ ಗುರುತು ಹಾಕುವುದು ನನ್ನ ರೂಢಿ, ಕಳಿಸಿದಾಗ ಅಲ್ಲ. ನಾಳೆ ನಿಧಾನವಾಗಿ ಅಂಟು ಬಿಡಿಸಿ, ಒಳಗಿನದನ್ನು ಬೇರೆ ಲಕೋಟೆಗೆ ಹಾಕಿ ಕಳಿಸಿದರಾಯಿತು, ಅಲ್ಲಿಯವರೆಗೆ ಮಡಿಕೆ ಬೀಳದಿರಲಿ ಎಂದು ಪುಸ್ತಕಕ್ಕೆ ಸೇರಿಸಿದೆ. ಮರುದಿನ ಇನ್ನೂರ ಎಂಬತ್ತು ಲಕೋಟೆ ಬಾಕಿಯಿದ್ದವು. ಪಟ್ಟಿ ನೋಡಿದೆ, ಅಣ್ಣನ ಹೆಸರಿಗೆ ಗುರುತಿತ್ತು. ಮುಂದಿನ ಹೆಸರಿಗೆ ಹೋದೆ.

ಮದುವೆಯ ದಿನ ಹುಡುಗಿ ಸಭಾಂಗಣದ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತಳು. ಎಲ್ಲರೂ ಒಳಗೆ ಕೂತು ಕಾಯುತ್ತಿದ್ದರು. ಕೊನೆಗೆ ರಟ್ಟೆ ಹಿಡಿದು ಎಳೆದುಕೊಂಡು ಹೋದವಳು ನಾನು.

“ಅವನು ಬರಲ್ಲ ಕಣೆ. ಕಲ್ಲು ಅವನು. ಬಾ ಒಳಗೆ,” ಎಂದಿದ್ದೆ.

ಒಂದು ತಿಂಗಳಾದ ಮೇಲೆ ಅಣ್ಣ ಅಂಗಡಿಗೆ ಫೋನ್ ಮಾಡಿದ. “ಮಸಿ, ನಾನು ಕಣೆ,” ಎಂದ. ಚಿಕ್ಕಂದಿನಲ್ಲಿ ನನ್ನ ಬೆರಳಿಗೆ ಸದಾ ಶಾಯಿ ಮೆತ್ತಿರುತ್ತಿತ್ತು, ಅದಕ್ಕೇ ಆ ಅಡ್ಡಹೆಸರು. ಒಂದು ಮಾತೂ ಆಡದೆ ಇಟ್ಟುಬಿಟ್ಟೆ. ಅವನು ಮತ್ತೆ ಮಾಡಲಿಲ್ಲ. ಹುಡುಗಿಗೆ ಈಗ ಎರಡು ವರ್ಷದ ಮಗನಿದ್ದಾನೆ. ಅಜ್ಜ ಎಂದರೆ ಆ ಮಗುವಿಗೆ ಯಾರೂ ಇಲ್ಲ.

ಆ ಹೆಂಗಸು ಬಂದುಹೋದ ಮರುದಿನ ಲಕೋಟೆ ಹಿಡಿದು ಮೊದಲ ಬಸ್ಸು ಹತ್ತಿದೆ. ಹರಿದು ಎಸೆದರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆ ದಾರಿಯಲ್ಲಿ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಎರಡು ಸಲ ಬಂತು.

ಅಣ್ಣನ ಅಂಗಡಿ ಅದೇ ಒಂದಾಳಿನ ಅಗಲದ ಗೂಡು. ಗೋಡೆಯ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಅವನು ಒಂದು ವಾಚಿನ ಬೆಲ್ಟನ್ನು ಬೆರಳಿನಲ್ಲಿ ತಡವಿ ತಡವಿ ಹಾಕುತ್ತಿದ್ದ. ನಾನು ಮೂರಡಿ ದೂರದಲ್ಲಿ ನಿಂತಿದ್ದರೂ “ಯಾರು?” ಎಂದ. ಅವನ ಕಣ್ಣು ಇಷ್ಟು ಮಂಜಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡಿದ್ದರೆ ತಾನೇ.

“ನಾನು,” ಎಂದೆ.

ಬೆಲ್ಟು ಕೆಳಗಿಟ್ಟ. “ಕೂತ್ಕೋ ಮಸಿ. ಸ್ಟೂಲಿಗೆ ಒಂದು ಕಾಲು ಗಿಡ್ಡ, ಹುಷಾರು.”

ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಲಕೋಟೆಯನ್ನು ಕೈಗಿಟ್ಟೆ. ಅವನು ಗಡಿಯಾರದೊಳಗೆ ನೋಡುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಲಕೋಟೆ ಒಡೆದು, ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದ. ಇದ್ದದ್ದು ಮೂರು ಸಾಲು.

“ಅಪ್ಪಾ, ಹೊಲಿಗೆ ಯಂತ್ರದ ಮಾತು ಇಲ್ಲಿಗೆ ಬಿಟ್ಟೆ. ಬಾಗಿಲಲ್ಲೇ ನಿಂತಿರ್ತೀನಿ. ನೀವು ಬರೋವರೆಗೂ ಒಳಗೆ ಹೋಗಲ್ಲ.”

ಆಮೇಲೆ ಕಾರ್ಡಿನ ಅಂಚಿನ ನೂಲನ್ನು ಭೂತಗನ್ನಡಿಯಲ್ಲೇ ಹಿಂಬಾಲಿಸುತ್ತ ಹೋಗಿ ಮೂಲೆಯ ಯಂತ್ರದ ಚಿತ್ರದ ಹತ್ತಿರ ನಿಂತ.

“ನಿಂತಿದ್ಲಾ?” ಎಂದ.

“ಮುಕ್ಕಾಲು ಗಂಟೆ. ನಾನೇ ಎಳ್ಕೊಂಡು ಹೋದೆ.”

“ಮದುವೆ ಅಂತ ಯಾರೋ ಹೇಳಿದ್ರು. ಹತ್ತು ದಿನ ಅಂಚೆಯವನನ್ನ ಕಾದೆ. ಅವನ ವಾಚು ಎರಡು ಸಲ ಪುಕ್ಕಟೆ ರಿಪೇರಿ ಮಾಡ್ಕೊಟ್ಟೆ. ಅದಕ್ಕೆ ಏನೂ ಆಗಿರ್ಲಿಲ್ಲ.” ಭೂತಗನ್ನಡಿ ತೆಗೆದು ಅಂಗಿಯಲ್ಲಿ ಒರೆಸಿದ. “ಕರೀದಿದ್ರೂ ಬಂದು ಹೊರಗೆ ನಿಲ್ಲಬಹುದಿತ್ತು ನಾನು. ಬರಲಿಲ್ಲ. ತಪ್ಪೆಲ್ಲ ನೀನೇ ಹೊತ್ಕೋಬೇಡ.”

ಬೈದಿದ್ದರೆ ಹಗುರಾಗುತ್ತಿತ್ತೇನೋ. ಇವನು ಹೀಗಂದದ್ದಕ್ಕೆ ನನಗೆ ಅಳು ತಡೆಯಲಾಗಲಿಲ್ಲ. ಅತ್ತು ಮುಗಿಸುವವರೆಗೆ ಅವನು ಬೆಲ್ಟಿನ ಕೆಲಸ ಮಾಡಿದ.

“ಅವಳಿಗೆ ನಿನ್ನ ವಿಷಯ ಹೇಳಬೇಡ,” ಎಂದ ಆಮೇಲೆ. “ಅಂಚೇಲಿ ಕಳೆದುಹೋಗಿತ್ತು, ಈಗ ಬಂತು ಅಂದ್ರಾಯ್ತು. ಅವಳಿಗೆ ತಾಯಿ ಅಂತ ಇರೋದು ನೀನೊಬ್ಳೇ.”

“ಇಲ್ಲ ಅಣ್ಣ. ಅದೊಂದು ಆಗಲ್ಲ.”

“ಅವಳು ನಿನ್ನ ಜೊತೆನೂ ಮಾತು ಬಿಟ್ರೆ?”

“ಬಿಡ್ಲಿ.”

ಫೋನ್ ಮಾಡೋಣವೆಂದರೆ ಅವನು ಒಪ್ಪಲಿಲ್ಲ. ಅವಳು ಬರೆದು ಕರೆದಿದ್ದಾಳೆ, ತಾನೂ ಬರೆದೇ ಉತ್ತರಿಸಬೇಕು ಎಂದ. ರಸೀದಿ ಪುಸ್ತಕದ ಹಾಳೆ ಹರಿದು, ಬೆನ್ನಿಗೆ ದಪ್ಪ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆದ. ನನಗೆ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ಹಾಳೆಯಲ್ಲಿ ನಾನು ಪುಸ್ತಕದ ವಿಷಯ, ಗುರುತು ಹಾಕಿದ ವಿಷಯ ಎಲ್ಲ ಬರೆದೆ. ಎರಡನ್ನೂ ಒಂದು ಕಂದು ಲಕೋಟೆಗೆ ಹಾಕಿ ಅಂಟಿಸಿದೆವು. ಅವನ ಸಾಲು ಎತ್ತೆತ್ತಲೋ ಹೋಗುತ್ತಿತ್ತು, ಅದಕ್ಕೆ ವಿಳಾಸ ಬರೆಯುವುದು ನನ್ನ ಪಾಲಿಗೆ ಬಂತು.

ಇಪ್ಪತ್ತಾರು ವರ್ಷದ ಕೈ, ಮಗ್ಗಿ ಬರೆಯುವ ಮಗುವಿನ ಕೈಯ ಹಾಗಾಯಿತು. ಹುಡುಗಿಯ ಹೆಸರು ಸೊಟ್ಟಗೆ ಮೇಲಕ್ಕೆ ಹತ್ತಿತು, ಬೀದಿಯ ಹೆಸರಿನ ಮೇಲೆ ಕಣ್ಣೀರೋ ಬೆವರೋ ಬಿದ್ದು ಶಾಯಿ ಹರಡಿತು.

“ತಾಳು, ಇನ್ನೊಂದು ಬರೀತೀನಿ,” ಎಂದೆ.

ಅಣ್ಣ ಲಕೋಟೆಯನ್ನು ಕಸಿದುಕೊಂಡು ಭೂತಗನ್ನಡಿಯ ಹತ್ತಿರ ಹಿಡಿದು ಮೊದಲಿಂದ ಕೊನೆಯವರೆಗೆ ನೋಡಿದ. ಎಷ್ಟೋ ವರ್ಷಗಳ ಮೇಲೆ ಅವನು ನಕ್ಕದ್ದನ್ನು ಕಂಡೆ.

“ಬೇಡ ಮಸಿ, ಇದೇ ಹೋಗ್ಲಿ. ಅವತ್ತೂ ಇಷ್ಟು ಕೆಟ್ಟದಾಗಿ ಬರೆದಿದ್ರೆ ನನಗೆ ಬಂದಿರ್ತಿತ್ತು.”