ಹದಿನಾಲ್ಕು ಕೆಂಪು ಪೆಟ್ಟಿಗೆ

"ಏಯ್ ಹುಡುಗಿ, ಹೆಣ ಹೊರೋಕೆ ಬಂದೋಳ ಥರ ನಿಂತಿದ್ದೀಯಲ್ಲೇ! ನಗು. ಸರ್ಕಾರ ನಿಂಗೆ ಅನ್ನದ ದಾರಿ ತೋರಿಸ್ತಿದೆ."

ಸರ್ಕಾರದ ಕಡೆಯಿಂದ ಬಂದಿದ್ದ ಬೆರ್ರೊಂದೊ ಸಾಹೇಬರು ನೊಯೆಮಿಯ ಗದ್ದ ಹಿಡಿದು ಕ್ಯಾಮೆರಾ ಕಡೆ ತಿರುಗಿಸಿದರು. ಅವಳ ಒಂದು ಕೈಯಲ್ಲಿ ಸಾಹೇಬರು ಕೊಟ್ಟ ಕೆಂಪು ಪೆಟ್ಟಿಗೆ, ಇನ್ನೊಂದರಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್. ನೊಯೆಮಿ ಹಲ್ಲು ತೋರಿಸಿದಳು.

"ಐರನ್ ಕಾಣ್ತಿಲ್ಲ," ಎಂದ ಫೋಟೋದವನು. "ಇನ್ನೂ ಮುಂದೆ ಹಿಡಿಯಮ್ಮ, ಪೆನ್ನು ಹಿಡಿದಂಗೆ."

"ಅಲ್ಲಿ ಹಿಡಿದ್ರೆ ಸುಡ್ತದಣ್ಣ."

"ಈಗ ತಣ್ಣಗದೆ ತಾನೇ? ಹಿಡಿಯೇ!" ಎಂದರು ಸಾಹೇಬರು. "ನಮಗೇ ಪಾಠ ಹೇಳ್ತಾಳೆ."

ಹಿಡಿದಳು. ಐರನ್ನನ್ನು ತುದಿಯಲ್ಲಿ ಹಿಡಿದು ಕೆಲಸ ಮಾಡುವವರು ಫೋಟೋಗಳಲ್ಲಿ ಮಾತ್ರ ಇರುತ್ತಾರೆ.

ಮೆಕ್ಸಿಕೊ ಗಡಿಯೂರು ಹುವಾರೆಸ್‌ನ ಆ ತಗಡಿನ ಶೆಡ್ಡಿನಲ್ಲಿ ನಾವು ಹದಿನಾಲ್ಕು ಜನ ಆರು ತಿಂಗಳು ರಿಪೇರಿ ಕಲಿತೆವು. ಕಲಿಸಿದವರು ಹಸಿಂತಾ ಅಕ್ಕ. ಹತ್ತೊಂಬತ್ತು ವರ್ಷ ಟೀವಿ ಫ್ಯಾಕ್ಟರಿಯಲ್ಲಿ ಬೆಸುಗೆ ಹಾಕಿ ಕಣ್ಣು ಮಂಜಾದ ಮೇಲೆ ಫ್ಯಾಕ್ಟರಿ ಅವರನ್ನು ಗೇಟಿನಾಚೆ ಬಿಟ್ಟಿತ್ತು. ಮೊದಲ ದಿನ ಕಲಿಸಿದ್ದು ಒಂದೇ ರೂಲು.

"ಐರನ್ ಕಾದ್ರೂ ಒಂದೇ, ತಣ್ಣಗಿದ್ರೂ ಒಂದೇ, ನೋಡಿದ್ರೆ ಗೊತ್ತಾಗಲ್ಲ. ಪ್ಲಗ್ ಚುಚ್ಚಿದೋರು 'ಬಿಸಿ' ಅನ್ಬೇಕು. ಕೇಳಿದೋರೆಲ್ಲ 'ಬಿಸಿ' ಅನ್ಬೇಕು. ಮರೆತೋರು ಕಕ್ಕಸು ತೊಳೀಬೇಕು."

ಆರು ತಿಂಗಳಲ್ಲಿ ಯಾರ ಕೈಯೂ ಸುಟ್ಟಿರಲಿಲ್ಲ.

ಒಂದೇ ಶಿಫ್ಟಿನಲ್ಲಿ ಎರಡು ಸಲ ಒಂದಕ್ಕೆ ಹೋದಳೆಂದು ನೊಯೆಮಿಯನ್ನು ಅದೇ ಫ್ಯಾಕ್ಟರಿ ಓಡಿಸಿತ್ತು. ಭಾನುವಾರದ ಸಂತೆಯಲ್ಲಿ ಅತ್ತೆಯ ಬುರ್ರಿತೊ ತಿಂಡಿಗಾಡಿಯ ಪಕ್ಕ ಒಂದು ಮೇಜಿನಷ್ಟು ಜಾಗವಿತ್ತು. ಸೇತುವೆಯಾಚೆ ಅಮೆರಿಕದ ಎಲ್ ಪಾಸೊದವರು ಎಸೆದ ಮಿಕ್ಸರು, ಟೀವಿ ಸಂತೆಗೆ ರಾಶಿ ಬೀಳುತ್ತಿದ್ದವು. ಅವಳಿಗೆ ಬೇಕಿದ್ದದ್ದು ಒಂದು ಐರನ್, ಕರೆಂಟ್ ಅಳೆಯುವ ಒಂದು ಮೀಟರ್. ಎರಡೂ ಕೆಂಪು ಪೆಟ್ಟಿಗೆಯಲ್ಲಿದ್ದವು. ಪಾಸಾದವರಿಗೆಲ್ಲ ಒಂದೊಂದು ಪೆಟ್ಟಿಗೆ ಎಂದು ಗೋಡೆಯ ನೋಟೀಸಿನಲ್ಲೇ ಬರೆದಿತ್ತು.

ಹದಿನಾಲ್ಕನೆಯ ಫೋಟೋ ಮುಗಿಯುತ್ತಲೇ ವ್ಯಾನಿನ ಡ್ರೈವರ್ ಒಳಗೆ ಬಂದ.

"ಪೆಟ್ಟಿಗೆ ತುಂಬ್ಲಾ ಸಾಹೇಬ್ರೇ? ಮೂರು ಗಂಟೆಗೆ ಇನ್ನೊಂದು ಕಡೆ ಇವನ್ನೇ ಹಂಚಬೇಕು."

ಹಸಿಂತಾ ಅಕ್ಕ ಕನ್ನಡಕ ತೆಗೆದರು. "ಇವು ಮಕ್ಕಳಿಗಲ್ವಾ?"

"ಬರ್ತವಮ್ಮ, ಮುಂದಿನ ವರ್ಷ. ಈ ಕಳ್ಳನನ್ಮಕ್ಕಳ ಕೈಗೆ ಕೊಟ್ರೆ ಸಂಜೆಗೇ ಮಾರಿ ಬಿಯರ್ ಕುಡೀತಾರೆ." ಸಾಹೇಬರು ನಕ್ಕರು. ಆಗಲೇ ನಗಲು ಹೇಳಿದ್ದರಿಂದ ನಾವೂ ನಕ್ಕೆವು. "ಇನ್ನೊಂದೇ ಫೋಟೋ, ನಾನು ಕಲಿಸ್ತಿರೋ ಹಾಗೆ. ಅದಕ್ಕೂ ಮೊದಲು ಎರಡು ಮಾತು."

ಅವರು ಮಾತು ಶುರು ಮಾಡಿದಾಗ ನೊಯೆಮಿ ಐರನ್ನನ್ನು ಸ್ಟ್ಯಾಂಡಿನಲ್ಲಿಟ್ಟು, ಬಗ್ಗಿ ಪ್ಲಗ್ ಚುಚ್ಚಿದಳು. 'ಬಿಸಿ' ಅನ್ನಲಿಲ್ಲ. ಹದಿಮೂರು ಜನ ನೋಡಿದೆವು. ಹಸಿಂತಾ ಅಕ್ಕನೂ ನೋಡಿದರು. ಕನ್ನಡಕ ಒರೆಸತೊಡಗಿದರು.

ಐರನ್ ಕಾಯಲು ಮೂರು ನಿಮಿಷ ಸಾಕು. ಸಾಹೇಬರು ಎಂಟು ನಿಮಿಷ ಮಾತಾಡಿದರು. ದುಡಿಯುವ ಕೈಗಳ ಬಗ್ಗೆ. ಆಮೇಲೆ ಅಂಗಿಯ ತೋಳು ಮಡಚಿ ಮೇಜಿನ ಹತ್ತಿರ ಬಂದರು.

"ಪೆನ್ನು ಹಿಡಿದಂಗೆ ತಾನೇ?"

"ಹೂಂ ಸಾಹೇಬ್ರೇ," ಎಂದಳು ನೊಯೆಮಿ. "ಇನ್ನೂ ಮುಂದೆ."

ಅವರು ತಮ್ಮ ತಾಯಿಯನ್ನು ಕೂಗಿದ್ದು ಬೀದಿಯ ಕೊನೆಯ ಟೈರಿನಂಗಡಿಗೂ ಕೇಳಿಸಿತಂತೆ.

"ಬಿಸಿ," ಎಂದರು ಹಸಿಂತಾ ಅಕ್ಕ ಮೆಲ್ಲಗೆ.

"ಬಿಸಿ," ಎಂದೆವು ಹದಿನಾಲ್ಕು ಜನ. ರೂಲು ರೂಲೇ.

ವ್ಯಾನು ಸಾಹೇಬರನ್ನು ಹಾಕಿಕೊಂಡು ಆಸ್ಪತ್ರೆಗೆ ಓಡಿತು. ಪೆಟ್ಟಿಗೆಗಳು ಮೇಜಿನ ಮೇಲೇ ಉಳಿದವು. ಸ್ವಲ್ಪ ಹೊತ್ತಿಗೆ ಅಲ್ಲೂ ಇರಲಿಲ್ಲ. ಕಕ್ಕಸನ್ನು ಮಾತ್ರ ಯಾರೂ ಹೇಳದೆಯೇ ನೊಯೆಮಿ ತೊಳೆದು ಹೋದಳು.

ಭಾನುವಾರ ಸಂತೆಗೆ ಇಬ್ಬರು ಪೊಲೀಸರು ಬಂದರು. ನೊಯೆಮಿ ಮೇಜಿನ ಮೇಲೆ ಯಾರದೋ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಸ್ಕ್ರೂ ಹಿಡಿದಿದ್ದೆ.

"ಸರ್ಕಾರದ ಪೆಟ್ಟಿಗೆ ಕದ್ದಿದೀಯೇನೇ, ಬೋಸುಡಿ?"

ಅವಳು ಬುರ್ರಿತೊ ಕಟ್ಟುವ ಕಾಗದಗಳ ನಡುವಿನಿಂದ ಒಂದು ಪೇಪರ್ ಎಳೆದು ಹರವಿದಳು. ಮುಖಪುಟದಲ್ಲಿ ಬೆರ್ರೊಂದೊ ಸಾಹೇಬರು, ಕೆಂಪು ಪೆಟ್ಟಿಗೆ, ನೊಯೆಮಿಯ ಹಲ್ಲು. ಕೆಳಗೆ ದಪ್ಪ ಅಕ್ಷರದಲ್ಲಿ: ಹದಿನಾಲ್ಕು ಬಡವರಿಗೆ ಪೆಟ್ಟಿಗೆ ದಾನ.

"ಸಾಹೇಬ್ರೇ ಕೈಯಾರೆ ಕೊಟ್ಟಿದ್ದು," ಎಂದಳು. "ಎಷ್ಟು ಚೆನ್ನಾಗಿ ನಗ್ತಾ ಇದೀನಿ, ನೋಡಿ."